ವಾರದ ಏಳು ದಿನವೂ ದೇವರದೇ

ಹೈದರಾಬಾದಿನಲ್ಲಿ ದುಡಿಯುವ ಎಷ್ಟೋ ಕ್ರೈಸ್ತ ವಿಶ್ವಾಸಿಗಳಿಗೆ ಭಾನುವಾರ ಸಂಜೆಯಾಗುತ್ತಲೇ ಮನಸ್ಸು ಭಾರವಾಗುತ್ತದೆ. ಬೆಳಿಗ್ಗೆ ಆರಾಧನೆಯಲ್ಲಿ ಸಿಕ್ಕ ಸಮಾಧಾನ ಅಷ್ಟರಲ್ಲೇ ಕರಗಿರುತ್ತದೆ. ಬೆಳಗಾದರೆ ಮತ್ತೆ ರಾಯದುರ್ಗದ ಮೆಟ್ರೊ, ಮತ್ತೆ ಟಾರ್ಗೆಟ್ಟು, ಕ್ಯಾಷ್ ಕೌಂಟರು, ಆಸ್ಪತ್ರೆಯ ಶಿಫ್ಟು. ಭಾನುವಾರ ದೇವರದು, ಉಳಿದದ್ದೆಲ್ಲ ಹೊಟ್ಟೆಪಾಡಿನದು ಎಂದು ನಾವೇ ಗೆರೆ ಎಳೆದುಕೊಂಡಿದ್ದೇವೆ.

ಅದೇ ಮೆಟ್ರೊ ಬೇಗಂಪೇಟೆಯನ್ನು ಹಾದುಹೋಗುತ್ತದೆ. 1897ರಲ್ಲಿ ಅಲ್ಲಿನ ಸೇನಾ ಆಸ್ಪತ್ರೆಯಲ್ಲಿ ರೊನಾಲ್ಡ್ ರಾಸ್ ಎಂಬ ಸರ್ಕಾರಿ ವೈದ್ಯರು ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತ ಕೂರುತ್ತಿದ್ದರು. ಎಷ್ಟೇ ಸೆಕೆಯಾದರೂ ಪಂಖಾ ಬೀಸಿಸಿಕೊಳ್ಳುವಂತಿರಲಿಲ್ಲ. ಗಾಳಿಗೆ ಸೊಳ್ಳೆಗಳು ಹಾರಿಹೋಗುತ್ತಿದ್ದವು. ಬೆವರು ಬಿದ್ದು ಸೂಕ್ಷ್ಮದರ್ಶಕದ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಗೆ ಒಂದಾಣೆಯಂತೆ ಪಡೆದು, ತನ್ನ ರಕ್ತ ಹೀರಲು ಮೈಯೊಡ್ಡುತ್ತಿದ್ದ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಯೇ ಎಂಬ ರಾಸ್ ಅವರ ಹುಡುಕಾಟ ಶುರುವಾಗಿ ಆಗಲೇ ಎರಡು ವರ್ಷ ದಾಟಿತ್ತು. ನಡುವೆ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ಕಳಿಸಿದಾಗ ಆ ಕೆಲಸವನ್ನೂ ಮಾಡಿಬಂದಿದ್ದರು. ಕೊನೆಗೆ ಆಗಸ್ಟ್ 20ರ ಶುಕ್ರವಾರ, ಅನಾಫಿಲಿಸ್ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಕಣ್ಣಿಗೆ ಬಿತ್ತು. ಆ ಸಂತೋಷದಲ್ಲಿ ಅವರು ಬರೆದ ಕವಿತೆ ದೇವರ ಉಪಕಾರವನ್ನು ಸ್ಮರಿಸುತ್ತದೆ. 1902ರಲ್ಲಿ ನೊಬೆಲ್ ಬಂತು.

ಲೋಕಕ್ಕೆ ನೊಬೆಲ್ ನೆನಪಿದೆ. ನಮಗೆ ಬೇಕಾದದ್ದು ಆ ಶುಕ್ರವಾರದ ಹಿಂದಿನ ನೂರಾರು ದಿನಗಳು. ಅಂದು ಬೆಳಿಗ್ಗೆ ಮೇಜಿನ ಮುಂದೆ ಕೂತಾಗ ಅದೂ ಎಂದಿನಂಥ ದಿನವೇ ಆಗಿತ್ತು. ಅಸಡ್ಡೆಯಿಂದ ಇನ್ನೊಂದು ಸೊಳ್ಳೆಯನ್ನು ಪಕ್ಕಕ್ಕಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಮಾಡುವುದನ್ನೆಲ್ಲ ಕರ್ತನಿಗೋಸ್ಕರವೇ ಎಂದು ಮನಃಪೂರ್ವಕವಾಗಿ ಮಾಡಿರೆಂದು ಪೌಲನು ಕೊಲೊಸ್ಸೆಯ ಸಭೆಗೆ ಬರೆದ. ಈ ಮಾತನ್ನು ಅವನು ಯಾರಿಗೆ ಹೇಳಿದ ಎಂಬುದು ಮುಖ್ಯ: ಯಜಮಾನರ ಮನೆಗಳಲ್ಲಿ ದುಡಿಯುತ್ತಿದ್ದ ದಾಸರಿಗೆ. ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರ ದುಡಿಮೆಯೂ ದೇವರ ಲೆಕ್ಕಕ್ಕೆ ಸೇರುತ್ತದೆಂದ ಮೇಲೆ, ನಮ್ಮ ಯಾವ ಕೆಲಸವೂ ಆ ಲೆಕ್ಕದ ಹೊರಗಿಲ್ಲ. ಅದೇ ಪತ್ರದಲ್ಲಿ, ದಾಸರಿಗೆ ನ್ಯಾಯವಾದದ್ದನ್ನು ಕೊಡಿರಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎಂದು ಅವನು ಧಣಿಗಳನ್ನು ಎಚ್ಚರಿಸಿದ. ಆದ್ದರಿಂದ ಕೈಕೆಳಗಿನವರನ್ನು ಹೊತ್ತುಗೊತ್ತಿಲ್ಲದೆ ದುಡಿಸಲು ಈ ವಾಕ್ಯವನ್ನು ಬಳಸುವುದು ತಪ್ಪು. ಸಂಬಳ ತಡಮಾಡದೆ ಕೊಡುವುದು, ರಜೆ ಕೇಳಿದವರನ್ನು ಗದರಿಸದಿರುವುದು ಕೂಡ ಭಕ್ತಿಯೇ.

ಮೇಜಿನ ಮೇಲೆ ಶಿಲುಬೆಯ ಚಿತ್ರವಿಟ್ಟ ಮಾತ್ರಕ್ಕೆ ಕೆಲಸ ಪವಿತ್ರವಾಗದು. ದಾದಿ ರಾತ್ರಿ ಪಾಳಿಯ ಕೊನೆಗೂ ಔಷಧದ ಪ್ರಮಾಣವನ್ನು ಇನ್ನೊಮ್ಮೆ ನೋಡಿ ಕೊಡುವುದು, ಲೆಕ್ಕಿಗರು ಒತ್ತಡವಿದ್ದರೂ ಸುಳ್ಳು ಬಿಲ್ಲಿಗೆ ಸಹಿ ಹಾಕದಿರುವುದು, ಆಟೊ ಚಾಲಕರು ಊರಿಗೆ ಹೊಸಬರಿಂದ ಹೆಚ್ಚು ಬಾಡಿಗೆ ಕೀಳದಿರುವುದು, ಇವೇ ವಾರದ ದಿನಗಳ ಆರಾಧನೆ. ಯೇಸುಸ್ವಾಮಿ ಉಪದೇಶ ಆರಂಭಿಸುವ ಮುನ್ನ ನಜರೇತಿನಲ್ಲಿ ಬಡಗಿಯಾಗಿದ್ದರು. ಆ ವರ್ಷಗಳು ವ್ಯರ್ಥವಾಗಲಿಲ್ಲ.

ನಾಳೆ ಕೆಲಸಕ್ಕೆ ಕೂರುವ ಮುನ್ನ ಒಂದು ನಿಮಿಷ ಕಣ್ಣು ಮುಚ್ಚಿ, ನಿಮ್ಮ ಆ ದಿನದ ದುಡಿಮೆ ಯಾರಿಗೆ ಮುಟ್ಟುತ್ತದೋ ಅವರಿಗಾಗಿ ಪ್ರಾರ್ಥಿಸಿ. ಆಮೇಲೆ ಆ ಕೆಲಸವನ್ನು ಚೆನ್ನಾಗಿ ಮಾಡಿ.