ಇಂದಿನ ಚಿಂತನೆ: ಎದುರು ಮಾತಾಡುವ ಗೆಳೆಯ



ಕೂಡಿ ಓದುವುದು ಹೇಗೆ ಎಂಬುದಕ್ಕೆ ಇವತ್ತು ಯಹೂದಿಗಳ ಕಡೆ ಸ್ವಲ್ಪ ನೋಡೋಣ. ಅವರ ಧರ್ಮಶಾಸ್ತ್ರದ ಚರ್ಚೆಗಳೆಲ್ಲ ಸೇರಿರುವ ದೊಡ್ಡ ಗ್ರಂಥ ತಾಲ್ಮುದ್. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಸಾಲುಸಾಲಿಗೂ ವಾದ ಮಾಡುತ್ತಾರೆ. ಈ ಜೋಡಿ ಓದಿಗೆ ‘ಹವ್ರೂತಾ’ ಎನ್ನುತ್ತಾರೆ. ಹೊಸಬರು ಒಳಗೆ ಹೋದರೆ ಸಂತೆಗೆ ಬಂದೆವೇನೋ ಅನ್ನಿಸಬೇಕು, ಅಷ್ಟು ಗದ್ದಲ.

ಊರೂರಿಗೆ ಕ್ರಮ ಬೇರೆ. ಇಂದಿನ ಬೆಲಾರೂಸ್‌ನ ವೊಲೋಜಿನ್‌ನಲ್ಲಿ 1803ರಲ್ಲಿ ಶುರುವಾದ ಪಾಠಶಾಲೆಯ ಪರಂಪರೆಯವರು ಒಂದೇ ಪುಟದ ಮೇಲೆ ದಿನಗಟ್ಟಲೆ ನಿಲ್ಲುತ್ತಾರೆ. ಸ್ಪೇನಿನಿಂದ ಚದುರಿದ ಸೆಫಾರ್ದಿಗಳಲ್ಲಿ ಹಲವರು ‘ಸರಿ, ಕೊನೆಗೆ ನಡೆಯಬೇಕಾದದ್ದು ಹೇಗೆ?’ ಎಂಬಲ್ಲಿಗೆ ಬರುತ್ತಾರೆ. ಯೆಮನ್‌ನಲ್ಲಿ ಪುಸ್ತಕಗಳೇ ವಿರಳ. ಒಂದೇ ಧರ್ಮಗ್ರಂಥದ ಸುತ್ತ ಕೂತ ಮಕ್ಕಳು ಅಕ್ಷರವನ್ನು ಪಕ್ಕದಿಂದಲೂ ತಲೆಕೆಳಗಾಗಿಯೂ ಓದಲು ಕಲಿತರು. ಹಾಸ್ಟೆಲ್‌ನಲ್ಲಿ ಒಂದು ಪುಸ್ತಕ ನಾಲ್ವರು ಹಂಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಚ್ಚಾದ ಪುಟವೂ ಹಾಗೇ ಇದೆ. ನಡುವೆ ಮೂಲ, ಒಂದು ಬದಿಗೆ 11ನೇ ಶತಮಾನದ ರಾಶಿ ಎಂಬ ಪಂಡಿತರ ವಿವರಣೆ, ಇನ್ನೊಂದು ಬದಿಗೆ ಅವರನ್ನು ಪ್ರಶ್ನಿಸುವವರು. ಆ ಪ್ರಶ್ನಿಸುವವರಲ್ಲಿ ರಾಶಿಯ ಮೊಮ್ಮಕ್ಕಳೇ ಇದ್ದಾರೆ! ಆದರೆ ಇಷ್ಟೆಲ್ಲ ಪ್ರಶ್ನೆಗೆ ಜಾಗವಿದ್ದ ಈ ಓದಿನಿಂದ ಹೆಣ್ಣುಮಕ್ಕಳನ್ನು ಮಾತ್ರ ಬಹುಕಾಲ ಹೊರಗಿಟ್ಟಿದ್ದರು, ಅದನ್ನೂ ಹೇಳಲೇಬೇಕು. ನ್ಯೂಯಾರ್ಕಿನ ಸ್ಟರ್ನ್ ಮಹಿಳಾ ಕಾಲೇಜಿನಲ್ಲಿ ರಬ್ಬಿ ಜೋಸೆಫ್ ಸೊಲೊವೆಚಿಕ್ ತಾಲ್ಮುದ್ ತರಗತಿಯ ಮೊದಲ ಪಾಠ ಹೇಳಿದ್ದು 1977ರಲ್ಲಿ.

ತಾಲ್ಮುದ್‌ನಲ್ಲೇ ಒಂದು ಕಥೆ ಇದೆ. ರಬ್ಬಿ ಯೋಹಾನಾನ್ ದೊಡ್ಡ ಗುರು. ರೇಶ್ ಲಾಕಿಶ್ ಒಂದು ಕಾಲಕ್ಕೆ ದರೋಡೆಕೋರ. ಗುರು ಅವನನ್ನು ಓದಿಗೆ ಕರೆತಂದು, ತನ್ನ ತಂಗಿಯನ್ನೇ ಕೊಟ್ಟು ಮದುವೆ ಮಾಡಿದರು. ಇಬ್ಬರೂ ಓದಿನ ಜೋಡಿಯಾದರು. ಕತ್ತಿ, ಚಾಕು ಯಾವಾಗ ಪೂರ್ತಿ ತಯಾರಾದಂತೆ ಎಂಬ ಚರ್ಚೆ ಒಂದು ದಿನ ಬಂತು. ಕುಲುಮೆಯಲ್ಲಿ ಕಾಯಿಸಿದಾಗ ಎಂದರು ಗುರು. ಅಲ್ಲ, ನೀರಲ್ಲಿ ಅದ್ದಿ ಹೊಳಪು ಕೊಟ್ಟಾಗ ಎಂದ ಲಾಕಿಶ್. ಗುರು ವಾದ ಬಿಟ್ಟು, ಕಳ್ಳನಿಗೆ ತನ್ನ ಕಸುಬು ಗೊತ್ತು ಎಂಬಂತೆ ಚುಚ್ಚಿದರು.

ಈ ಏಟು ನಮಗೆ ಗೊತ್ತು ಬಂಧುಗಳೇ. ಮಾತಿಗೆ ಉತ್ತರವಿಲ್ಲದಾಗ ಮೂಲ ಎತ್ತಿ ಆಡುವುದು. ನಮ್ಮ ಕೂಟದಲ್ಲೂ ಪ್ರಶ್ನೆ ಬಂದಾಗ, ಕೇಳಿದವರು ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ಮೊದಲು ನೋಡುವ ಚಾಳಿ ಇಲ್ಲವೇ?

ಲಾಕಿಶ್ ನೊಂದು, ಕಾಯಿಲೆ ಬಿದ್ದು ಸತ್ತ. ಕಂಗೆಟ್ಟ ಗುರುವಿಗೆ ಇನ್ನೊಬ್ಬ ಪಂಡಿತನನ್ನು ಜೊತೆಗೆ ಕೊಟ್ಟರು. ಅವನೋ ಗುರು ಹೇಳಿದ್ದಕ್ಕೆಲ್ಲ ಆಧಾರ ತಂದು ಹೌದು ಎನ್ನುತ್ತಿದ್ದ. ಗುರುವಿಗೆ ತಡೆಯಲಾಗಲಿಲ್ಲ. ನಾನು ಸರಿ ಅನ್ನುವುದು ನನಗೇ ಗೊತ್ತಿಲ್ಲವೇ, ಲಾಕಿಶ್ ಆಗಿದ್ದರೆ ಇಪ್ಪತ್ತನಾಲ್ಕು ಆಕ್ಷೇಪಣೆ ತರುತ್ತಿದ್ದ, ನಾನು ಇಪ್ಪತ್ತನಾಲ್ಕು ಉತ್ತರ ಹುಡುಕುತ್ತಿದ್ದೆ, ವಿಷಯ ಬೆಳೆಯುತ್ತಿತ್ತು ಎಂದು ಗೋಳಾಡಿದರು. ಬಟ್ಟೆ ಹರಿದುಕೊಂಡು, ಎಲ್ಲಿದ್ದೀಯಾ ಎಂದು ಕೂಗುತ್ತ ಅಲೆದರು, ಬುದ್ಧಿ ಕೆಡುವವರೆಗೆ.

ಭವತು ಸಬ್ಬ ಮಂಗಲಂ. ಜೈಭೀಮ್.