ಮಡಿಕೇರಿಯ ಗದ್ದಿಗೆಯ ಮುಂದೆ: ‘ನಾನು’ ಎಂಬುದರ ವಿಚಾರ

ಮಡಿಕೇರಿಯ ಎತ್ತರದ ದಿಣ್ಣೆಯ ಮೇಲೆ ಕೊಡಗಿನ ಅರಸರ ಗದ್ದಿಗೆಗಳಿವೆ. ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರನ ಮತ್ತು ಅವನ ರಾಣಿ ಮಹದೇವಮ್ಮಾಜಿಯ ಸಮಾಧಿಗಳು. ಬಲಕ್ಕೆ ಲಿಂಗರಾಜೇಂದ್ರನದು, 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರನು ಕಟ್ಟಿಸಿದುದು. ಎಡಕ್ಕೆ ಅರಮನೆಯ ಗುರುವಾಗಿದ್ದ ರುದ್ರಪ್ಪನವರದು, 1834ರದು. ಗುಮ್ಮಟಗಳೂ ಮೂಲೆಯ ಮಿನಾರುಗಳೂ ಮುಸಲ್ಮಾನ ಶಿಲ್ಪದ ರೀತಿಯವು. ಒಳಗೆ ಪೂಜೆಗೊಳ್ಳುವುದು ಶಿವಲಿಂಗ.

ಗದ್ದಿಗೆಯೆಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡರ್ಥವುಂಟು. ಅರಸನು ಏರುವ ಪೀಠವೂ ಗದ್ದಿಗೆಯೇ, ಅವನನ್ನು ಸಮಾಧಿಗೊಳಿಸಿದ ನೆಲೆಯೂ ಗದ್ದಿಗೆಯೇ. ಒಂದರಲ್ಲಿ ಕುಳಿತವನು ‘ನಾನು’ ಎಂದು ನುಡಿಯುವನು. ಇನ್ನೊಂದರಲ್ಲಿ ಕುಳಿತವನಿಗೆ ನುಡಿಯಿಲ್ಲ. ವೀರಶೈವರ ಸಮಾಧಿಕ್ರಮದಲ್ಲಿ ದೇಹವನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸುವರಷ್ಟೆ. ಅರಸನಿಗೂ ಆಳಿಗೂ ಅದೇ ಆಸನ, ಅದೇ ಲಿಂಗ. ಶರಣರು ಹೇಳುವುದೇನೆಂದರೆ, ಮೊದಲನೆಯ ಗದ್ದಿಗೆಯಲ್ಲಿ ಕುಳಿತಿರುವಾಗಲೇ ಎರಡನೆಯದರ ಮೌನವನ್ನು ಅರಿಯಬೇಕು ಎಂಬುದು. ಇದು ಹೇಳುವುದಕ್ಕೆ ಸುಲಭ. ಎಷ್ಟು ಕಷ್ಟವೆಂಬುದನ್ನು ಈ ಕೊಡಗಿನ ಅರಸುಮನೆತನದ ಕಥೆಯೇ ತೋರಿಸುತ್ತದೆ.

ಹಾಲೇರಿ ಮನೆತನದ ಮೂಲದ ಬಗೆಗೆ ಪರಂಪರೆಯಿಂದ ಬಂದ ಮಾತೊಂದುಂಟು. ಇಕ್ಕೇರಿಯ ಅರಸರ ಬಳಗದವನೊಬ್ಬನು ಜಂಗಮವೇಷದಿಂದ ಹಾಲೇರಿಗೆ ಬಂದು ನೆಲೆಸಿದನು. ಸುತ್ತಲ ಜನರು ಅವನನ್ನು ಗುರುವೆಂದು ನಂಬಿ ಭಕ್ತಿಯಿಂದ ಕಾಣಿಕೆಯನ್ನೊಪ್ಪಿಸಿದರು. ಬರಬರುತ್ತ ಕಾಣಿಕೆಯು ಕಂದಾಯವಾಯಿತು, ಗುರುವು ಒಡೆಯನಾದನು. 1681ರಲ್ಲಿ ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡನು. ಚರಿತ್ರಕಾರನ ದೃಷ್ಟಿಗೆ ಇದು ರಾಜನೀತಿ. ಆದರೆ ಸಾಧಕನಾದವನು ಇದನ್ನು ತನ್ನ ಮನದೊಳಗಿನ ವ್ಯವಹಾರವೆಂದೇ ಓದಿಕೊಳ್ಳಬೇಕು. ನಮ್ಮೊಳಗಿನ ಅಹಂಕಾರವೂ ಮೊದಲು ಜಂಗಮನ ವೇಷದಲ್ಲಿಯೇ ಬರುವುದು. ವಿಭೂತಿಯನ್ನು ಧರಿಸಿ, ಕಾವಿಯನ್ನು ಹೊದೆದು, ‘ನಾನು ಭಕ್ತ’, ‘ನಾನು ಆಚಾರವಂತ’ ಎಂದು ವಿನಯದಿಂದ ಬಾಗಿಲಲ್ಲಿ ನಿಲ್ಲುವುದು. ಬೇಡುವವನೆಂದು ನಾವು ಒಳಗೆ ಕರೆಯುತ್ತೇವೆ. ಒಂದು ದಿನ ನೋಡಿದರೆ ಮನೆಯೊಡೆತನವೆಲ್ಲ ಅವನದೇ ಆಗಿರುವುದು.

ಹಾಗಾದರೆ ಒಡೆತನವನ್ನು ಕಿತ್ತುಕೊಂಡರೆ ‘ನಾನು’ ಹೋಗುವುದೆ? ಅನೇಕ ಧರ್ಮಗ್ರಂಥಗಳು ಹಾಗೆ ಹೇಳುವಂತೆ ತೋರುವುದು: ಹೊನ್ನನ್ನು ಬಿಡು, ಮಣ್ಣನ್ನು ಬಿಡು, ಆಗ ನಿನ್ನ ನಿಜವು ಕಾಣುವುದು ಎಂದು. ಚಿಕ್ಕವೀರರಾಜೇಂದ್ರನ ಬಾಳು ಈ ಮಾತಿಗೆ ಒಡ್ಡಿದ ಪರೀಕ್ಷೆಯಂತಿದೆ. 1834ರಲ್ಲಿ ಇಂಗ್ಲಿಷರ ಸೈನ್ಯವು ಕೊಡಗನ್ನು ಹೊಕ್ಕು ಅವನನ್ನು ಪದಚ್ಯುತಗೊಳಿಸಿತು. ಅರಸು ಕಾಶಿಗೆ ಸಾಗಿಸಲ್ಪಟ್ಟನು. ಕಾಶಿ! ಮುಮುಕ್ಷುಗಳು ಎಲ್ಲವನ್ನೂ ತೊರೆದು ಬಯಸಿ ಹೋಗುವ ಕ್ಷೇತ್ರ. ರಾಜ್ಯವಿಲ್ಲ, ಸೇನೆಯಿಲ್ಲ, ಅರಮನೆಯಿಲ್ಲ. ಎದುರಿಗೆ ಗಂಗೆ, ಪಕ್ಕದಲ್ಲಿ ವಿಶ್ವನಾಥ. ಹೊರಗಿನಿಂದ ನೋಡಿದರೆ ವೈರಾಗ್ಯಕ್ಕೆ ಬೇಕಾದ ಸಲಕರಣೆಯೆಲ್ಲ ಅಲ್ಲಿತ್ತು. ಆದರೆ ಕೊಡಗಿನ ಅರಸನೆಂಬ ಆ ‘ನಾನು’ ಕಾಶಿಯಲ್ಲಿ ಕರಗಲಿಲ್ಲ. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ಅದೇ ವರ್ಷ ಮಗಳು ಕ್ರೈಸ್ತದೀಕ್ಷೆಯನ್ನು ಪಡೆದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ತನ್ನ ಮನೆತನದವರು ಕಂಪನಿಯಲ್ಲಿಟ್ಟಿದ್ದ ಹಣಕ್ಕಾಗಿ ಅರಸನು ದಾವೆ ಹೂಡಿದನು. 1859ರಲ್ಲಿ ಆ ದೂರದ ನಗರದಲ್ಲಿಯೇ ತೀರಿಕೊಂಡನು. ಮಾಸ್ತಿಯವರು 1956ರಲ್ಲಿ ಇವನನ್ನು ಕುರಿತು ಕಾದಂಬರಿಯನ್ನು ಬರೆದುದರಿಂದ ಕನ್ನಡಿಗರಿಗೆ ಇವನ ಹೆಸರು ಚಿರಪರಿಚಿತ. ಅವನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವನ ಹಕ್ಕಿನ ನ್ಯಾಯಾನ್ಯಾಯವೂ ಇಲ್ಲಿಯ ವಿಷಯವಲ್ಲ. ಕಳೆದುಕೊಳ್ಳುವುದು ಬೇರೆ, ಬಿಡುವುದು ಬೇರೆ ಎಂಬುದಷ್ಟೆ ನಾನು ಕಾಣುವುದು. ‘ನನ್ನದು’ ಎಂಬುದನ್ನು ಪರರು ಕಸಿದುಕೊಳ್ಳಬಲ್ಲರು. ‘ನಾನು’ ಎಂಬುದನ್ನು ಯಾವ ಸೈನ್ಯವೂ ಕಸಿಯಲಾರದು.

ಏಕೆಂದರೆ ಅದರ ಬೇರು ವಸ್ತುಗಳಲ್ಲಿಲ್ಲ. ನಮ್ಮ ಆಚಾರ್ಯರು ಮೂರು ಮಲಗಳನ್ನು ಹೇಳುವರು. ಸ್ಥೂಲಶರೀರಕ್ಕೆ ಕಾರ್ಮಿಕಮಲ, ಸೂಕ್ಷ್ಮಶರೀರಕ್ಕೆ ಮಾಯಾಮಲ, ಕಾರಣಶರೀರಕ್ಕೆ ಆಣವಮಲ. ಕ್ರಿಯಾದೀಕ್ಷೆಯಿಂದ ಮೊದಲನೆಯದನ್ನು ಕಳೆದು ಇಷ್ಟಲಿಂಗವನ್ನೂ, ಮಂತ್ರದೀಕ್ಷೆಯಿಂದ ಎರಡನೆಯದನ್ನು ಕಳೆದು ಪ್ರಾಣಲಿಂಗವನ್ನೂ, ವೇಧಾದೀಕ್ಷೆಯಿಂದ ಮೂರನೆಯದನ್ನು ಕಳೆದು ಭಾವಲಿಂಗವನ್ನೂ ಗುರುವು ಅನುಗ್ರಹಿಸುವನು. ಅಣುವೆಂದರೆ ಕಿರಿದು. ಅಪರಿಮಿತವಾದ ಶಿವಸ್ವರೂಪವು ‘ನಾನು ಇಷ್ಟೇ’ ಎಂದು ತನ್ನನ್ನು ಕಿರಿದುಗೊಳಿಸಿಕೊಳ್ಳುವುದೇ ಆಣವ. ಆದುದರಿಂದ ಅಹಂಕಾರವೆಂಬುದು ತನ್ನನ್ನು ದೊಡ್ಡವನೆಂದು ತಿಳಿಯುವುದು ಮಾತ್ರವಲ್ಲ. ‘ನಾನು ಕೇವಲ ಅರಸು’ ಎಂದು ಸಣ್ಣವನಾಗಿಸಿಕೊಳ್ಳುವುದೂ ಅದೇ. ‘ನಾನು ಕೇವಲ ಪಾಪಿ’ ಎಂಬುದೂ ಅದೇ. ಈ ಎರಡನೆಯದನ್ನು ನಾವು ವಿನಯವೆಂದು ಮೆಚ್ಚಿಕೊಳ್ಳುತ್ತೇವೆ. ಗದ್ದಿಗೆಯನ್ನು ಕಳೆದುಕೊಂಡವನ ‘ನಾನು’ ಉಳಿದಂತೆಯೇ, ತನ್ನನ್ನು ಹಳಿದುಕೊಳ್ಳುವವನ ‘ನಾನು’ ಕೂಡ ಉಳಿಯುವುದು.

ಕಳೆದುಕೊಳ್ಳದೆಯೇ ಬಿಟ್ಟವನ ನಿದರ್ಶನವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸೊನ್ನಲಿಗೆಯ ಸಿದ್ಧರಾಮನು, ಎಂದರೆ ಇಂದಿನ ಸೊಲ್ಲಾಪುರದ ಆ ಮಹಾನುಭಾವನು, ಕೆರೆಯನ್ನು ಅಗೆಯಿಸುತ್ತ ದೇಗುಲಗಳನ್ನು ಕಟ್ಟಿಸುತ್ತ ಇದ್ದನು. ಅವನಲ್ಲಿ ಲೋಭವಿರಲಿಲ್ಲ. ಬಾಯಾರಿದವರಿಗೆ ನೀರು, ಭಕ್ತರಿಗೆ ಗುಡಿ, ಇದಕ್ಕಿಂತ ಪುಣ್ಯಕಾರ್ಯವುಂಟೆ? ಅಲ್ಲಿಗೆ ಅಲ್ಲಮಪ್ರಭುವು ಬಂದು ಸಿದ್ಧರಾಮನ ಕೀರ್ತಿಯನ್ನೇ ಅಣಕಿಸಿ ನುಡಿದನು. ಕೆಲಸಗಾರರು ಸಿಟ್ಟಾಗಿ ಕಲ್ಲುಗಳನ್ನೆಸೆದರು. ಸುದ್ದಿ ತಿಳಿದು ಸಿದ್ಧರಾಮನೇ ಬಂದನು; ಅವನ ಕೋಪವು ಹಣೆಗಣ್ಣಿನ ಉರಿಯಾಗಿ ಹೊರಟಿತೆಂದು ಕಥೆ. ಅದು ಪ್ರಭುವನ್ನು ಸುಡಲಿಲ್ಲ. ಆದರೆ ಇಷ್ಟು ಕಾಲ ಯಾರಿಗೂ ಕಾಣದಿದ್ದುದನ್ನು ಬೆಳಗಿ ತೋರಿಸಿತು: ಈ ನಿಸ್ವಾರ್ಥ ಕಾರ್ಯದ ತಳದಲ್ಲಿ ‘ಕಟ್ಟಿಸಿದವನು ನಾನು’ ಎಂಬ ಕಿಡಿಯೊಂದು ಹುದುಗಿತ್ತು. ಹುದುಗಿಲ್ಲದಿದ್ದರೆ ಅಣಕದ ಮಾತಿಗೆ ಉರಿ ಏಳುತ್ತಿತ್ತೆ? ಪ್ರಭುವಿನೊಡನೆ ಸಂವಾದವಾಗಿ, ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಲಿಂಗದೀಕ್ಷೆಯನ್ನು ಪಡೆದನು. ಕೆರೆಯನ್ನು ಯಾರೂ ಮುಚ್ಚಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಇಂದಿಗೂ ಸೊಲ್ಲಾಪುರದಲ್ಲಿ ನೀರು ತುಂಬಿ ನಿಂತಿದೆ, ದೇಗುಲದ ಸುತ್ತ. ಬಿಟ್ಟುಹೋದುದು ಕೆರೆಯಲ್ಲ, ಕರ್ತೃ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾರೆ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಜರಿದು ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದುವು, ಜೀವಗಳೂ ಹೋದುವು. ತಲೆಮಾರುಗಳಿಂದ ಬಾಳಿದ ನೆಲವೇ ಕೆಳಗೆ ಹರಿದು ಹೋದಾಗ ಪರಿಹಾರಕೇಂದ್ರದ ಚಾಪೆಯ ಮೇಲೆ ಕುಳಿತ ಹಿರಿಯರೊಬ್ಬರ ಬಳಿಗೆ ಹೋಗಿ, ‘ಅಯ್ಯಾ, ನಾನು ನನ್ನದೆಂಬುದೆಲ್ಲ ಭ್ರಾಂತಿ’ ಎಂದು ಬೋಧಿಸುವುದು ಶರಣಧರ್ಮವೆ? ಅದು ಕ್ರೌರ್ಯ. ಅಂತಹ ಹೊತ್ತಿನಲ್ಲಿ ಶರಣನ ಕರ್ತವ್ಯವು ದಾಸೋಹ: ಅನ್ನ, ಬಟ್ಟೆ, ಸೂರು. ‘ನಾನು’ ಎಂಬುದರ ವಿಚಾರವನ್ನು ತನ್ನ ಮೇಲೆ ಮಾತ್ರ ತಿರುಗಿಸಬೇಕು. ಪರರ ಮೇಲೆ ಎತ್ತಿದೊಡನೆ ಅದು ಅಹಂಕಾರದ ಕೈಯ ಬೆತ್ತವಾಗುವುದು. ‘ನಾನು ತಿಳಿದವನು, ಇವನು ತಿಳಿಯದವನು’ ಎಂಬ ಹೊಸ ಗದ್ದಿಗೆಯೊಂದು ಸಿದ್ಧವಾಗುವುದು. ಉಪದೇಶಕರಾದ ನಾವು ಈ ಗದ್ದಿಗೆಯಿಂದ ಇಳಿಯುವುದು ಬಹು ವಿರಳ.

ತನ್ನ ಮೇಲೆ ತಿರುಗಿಸುವ ಬಗೆ ಹೇಗೆ? ಇಷ್ಟಲಿಂಗಪೂಜೆಯೇ ಅದರ ದಾರಿಯಾಗಿದೆ. ಕರಸ್ಥಲದಲ್ಲಿ ಲಿಂಗವನ್ನಿರಿಸಿ ನೋಡುವಾಗ ಮೊದಲಿಗೆ ನೋಡುವವನು, ನೋಟ, ನೋಡಲ್ಪಡುವುದು ಎಂದು ಮೂರಿರುವುವು. ದೃಷ್ಟಿ ನಿಂತಂತೆ ‘ಹಿಡಿದಿರುವ ಈ ಕೈ ಯಾರದು?’ ಎಂದು ಮೆಲ್ಲಗೆ ಕೇಳಿಕೊಳ್ಳಬೇಕು. ಉತ್ತರವಾಗಿ ಹೆಸರು ಬರುವುದು, ಊರು ಬರುವುದು, ಮನೆತನ ಬರುವುದು. ಒಂದೊಂದನ್ನೂ ಜಗಳವಿಲ್ಲದೆ ಬಂದ ದಾರಿಗೇ ಕಳುಹಿಸಬೇಕು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್ಸ್ಥಲಗಳು ಈ ಕಳುಹಿಸುವಿಕೆಯ ಮೆಟ್ಟಿಲುಗಳೆಂದು ನಾನು ತಿಳಿದಿದ್ದೇನೆ. ಉಳಿಯುವುದನ್ನು ಶರಣರು ಬಯಲೆಂದರು. ಬಯಲೆಂದರೆ ಬರಿದಲ್ಲ, ಬೇಲಿಯಿಲ್ಲದ ನೆಲ.

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಾಗದು. ಹಲವು ವರ್ಷಗಳ ಹಿಂದೆ ಒಂದು ಮಠದ ದಾಸೋಹಮಂದಿರಕ್ಕೆ ನಾನು ಕೈಲಾದಷ್ಟು ಕಾಣಿಕೆಯನ್ನು ಸಲ್ಲಿಸಿದ್ದೆನು. ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದರು. ಪ್ರಾರಂಭೋತ್ಸವದ ದಿನ ಎಲ್ಲರೂ ಮಂಗಳಾರತಿಗೆ ನಿಂತಿರಲು, ನಾನು ಕಲ್ಲಿನ ಮುಂದೆ ನಿಂತು ನನ್ನ ಹೆಸರನ್ನು ಹುಡುಕುತ್ತಿದ್ದೆನು. ಅದು ಕೊನೆಯಿಂದ ಮೂರನೆಯ ಸಾಲಿನಲ್ಲಿದ್ದಿತು, ಒಂದಕ್ಷರ ತಪ್ಪಾಗಿ. ಅಂದಿನ ಪ್ರಸಾದವು ನನಗೆ ರುಚಿಸಲಿಲ್ಲ. ಕೊಡಗಿನ ಮಳೆಗೆ ಆ ಕಲ್ಲಿನ ಮೇಲೆ ಈಗ ಪಾಚಿ ಹಬ್ಬಿ ಅಕ್ಷರಗಳು ಅರ್ಧ ಮುಚ್ಚಿಹೋಗಿವೆ. ಆದರೂ ಆ ಬಾಗಿಲನ್ನು ದಾಟುವಾಗಲೆಲ್ಲ ನನ್ನ ಕಣ್ಣು ಮೊದಲು ಕೊನೆಯಿಂದ ಮೂರನೆಯ ಸಾಲಿಗೇ ಹೋಗುತ್ತದೆ.