ಪಾನಕ ಮತ್ತು ಒಂದು ಕೊಡ ನೀರು

ಬೇಲದ ಹಣ್ಣು ಪಾನಕಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡಲು ನಮ್ಮಜ್ಜಿಗೆ ಒಂದು ಉಪಾಯ ಗೊತ್ತಿತ್ತು. ಹಣ್ಣನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಬಿಡುವುದು. ಚೆಂಡಿನ ಹಾಗೆ ಪುಟಿದರೆ ಇನ್ನೂ ಕಾಯಿ, ದಬ್ ಎಂದು ಕೂತರೆ ಹಣ್ಣು. ಮಂಡ್ಯದ ಕಡೆಯ ನಮ್ಮೂರಿನಲ್ಲಿ ರಾಮನವಮಿಯ ಹಿಂದಿನ ದಿನ ಈ ಪರೀಕ್ಷೆ ಮಾಡುವ ಕೆಲಸ ಮಕ್ಕಳದು. ಮಿಕ್ಕಿದ್ದು ಅಜ್ಜಿಯದು. ಚಿಪ್ಪು ಒಡೆದು, ಕಂದು ಬಣ್ಣದ ಅಂಟು ತಿರುಳನ್ನು ತೆಗೆದು, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಕೈಯಿಂದ ಚೆನ್ನಾಗಿ ಕಿವುಚಿ, ಬೀಜ ನಾರು ಹೋಗುವಂತೆ ಸೋಸಿ, ಬೆಲ್ಲ ಕರಗಿಸಿ, ಏಲಕ್ಕಿ, ಒಣಶುಂಠಿ, ಒಂದು ಚಿಟಿಕೆ ಮೆಣಸಿನ ಪುಡಿ, ಒಂದು ಚಿಟಿಕೆ ಉಪ್ಪು ಹಾಕಿದರೆ ಆಯಿತು. ಎರಡು ಹಣ್ಣಿಗೆ ಆರೇಳು ಲೋಟ. ಒಲೆ ಹಚ್ಚುವಂತಿಲ್ಲ, ಫ್ರಿಜ್ಜೂ ಬೇಕಿಲ್ಲ. ಮಣ್ಣಿನ ಮಡಕೆಯ ನೀರಾದರೆ ಸಾಕು.

ಮದುವೆಯಾಗಿ ಚೆನ್ನೈಗೆ ಬಂದ ಮೇಲೂ ಈ ಪಾನಕವನ್ನು ಬಿಟ್ಟಿಲ್ಲ. ಇಲ್ಲಿನವರ ಪಾನಗಂ ಹೆಚ್ಚಾಗಿ ಬೆಲ್ಲ, ಶುಂಠಿ, ನಿಂಬೆರಸದ್ದು. ಬೇಲದ ಹಣ್ಣಿಗೆ ತಮಿಳಿನಲ್ಲಿ ವಿಳಾಂಪಳಂ ಎನ್ನುತ್ತಾರೆ. ವಿನಾಯಕ ಚತುರ್ಥಿಗೆ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ, ರಾಮನವಮಿಗೆ ಹುಡುಕಿದರೆ ಸಿಕ್ಕುವುದಿಲ್ಲ. 2019ರ ಏಪ್ರಿಲ್‌ನಲ್ಲಿ ನಾನು ಹೀಗೆ ಹುಡುಕಿ ಸೋತಾಗ, ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕ ಕೇಳಿದಳು, "ಎತ್ತನೈ ವೇಣುಂ ಅಕ್ಕಾ?" ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಯಾರು ದೊಡ್ಡವರೆಂದು ಇಬ್ಬರೂ ಲೆಕ್ಕ ಹಾಕಿರಲಿಲ್ಲ. ಮೂರು ದಿನದ ಮೇಲೆ ಚೆಂಗಲ್ಪಟ್ಟಿನ ಕಡೆಯ ತನ್ನ ಅಣ್ಣನ ಮನೆಯ ಮರದಿಂದ ನಾಲ್ಕು ಹಣ್ಣು ತಂದಳು. ಎಷ್ಟು ಕೊಡಬೇಕು ಎಂದೆ. ಮರದಲ್ಲಿ ಬಿದ್ದದ್ದಕ್ಕೆ ದುಡ್ಡೇ ಎಂದು ನಕ್ಕಳು.

ರಾಮನವಮಿಯ ದಿನ ಅವಳಿಗೆ ದೊಡ್ಡ ಲೋಟದ ತುಂಬ ಪಾನಕ ಕೊಟ್ಟೆ, ಡಬ್ಬಿಯಲ್ಲಿ ಕೋಸಂಬರಿ ಹಾಕಿಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು. ಆ ದಿನ ನನಗೆ ನನ್ನ ಬಗ್ಗೆ ಬಹಳ ಸಂತೋಷವಿತ್ತು. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆ.

ಆ ವರ್ಷ ಚೆನ್ನೈಯಲ್ಲಿ ಇದ್ದವರಿಗೆ ಮುಂದಿನದನ್ನು ನೆನಪಿಸಬೇಕಾಗಿಲ್ಲ. ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿತ್ತು. ಜೂನ್ ಹೊತ್ತಿಗೆ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳ ತಳ ಬಿರಿದಿತ್ತು. ಸಾಫ್ಟ್‌ವೇರ್ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಹೋಟೆಲುಗಳು ಮಧ್ಯಾಹ್ನದ ಊಟ ನಿಲ್ಲಿಸಿದವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಅದೂ ಟ್ಯಾಂಕರಿನದು. ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಿದ್ದರು: ಮನೆಗೆಲಸದವರು ನೀರು ಹೊರಗೆ ಒಯ್ಯಕೂಡದು.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುವ ಮೊದಲು ಅವಳು ಕೇಳಿದಳು. ಅವಳ ಬೀದಿಯ ಮೂಲೆಯ ಕಪ್ಪು ತೊಟ್ಟಿಗೆ ನಾಲ್ಕು ದಿನದಿಂದ ಲಾರಿ ಬಂದಿಲ್ಲ, ಒಂದು ಕೊಡ ನೀರು ಸಿಕ್ಕೀತೇ ಎಂದು. ನಾನು ಚೀಟಿಯ ಮಾತು ಹೇಳಿದೆ. "ಅಸೋಸಿಯೇಷನ್ ರೂಲ್ ಅಕ್ಕಾ." ಅವಳು "ಪರವಾಯಿಲ್ಲೆ" ಎಂದು ಸಿಂಕಿನ ಕಡೆ ತಿರುಗಿದಳು. ನಮ್ಮ ಮನೆಯ ಪಾತ್ರೆಗಳನ್ನೆಲ್ಲ ತೊಳೆದಳು. ಅದಕ್ಕೆ ಒಂದು ಕೊಡಕ್ಕಿಂತ ಹೆಚ್ಚೇ ನೀರು ಬೇಕಾಯಿತು.

ಇಡೀ ದಿನ ಆ ಮಾತು ಮನಸ್ಸಿನಲ್ಲಿ ಕೊರೆಯಿತು. ಮಾರನೆಯ ದಿನ ಬಚ್ಚಲಲ್ಲಿ ಹಿಡಿದಿಟ್ಟಿದ್ದ ನೀರಿನಿಂದ ಒಂದು ಕೊಡ ತುಂಬಿಸಿ ಬಾಗಿಲ ಬಳಿ ಇಟ್ಟು ಕಾದೆ. ಅವಳು ನೋಡಿ, ನಿನ್ನೆಯೇ ಪಕ್ಕದ ಮನೆಯವರು ಅರ್ಧ ಕೊಡ ಕೊಟ್ಟರು, ರಾತ್ರಿ ಲಾರಿಯೂ ಬಂತು, ಇವತ್ತು ಬೇಡಕ್ಕಾ ಎಂದಳು. ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗಿಯೂ ಬೇಕಾಗಿರಲಿಲ್ಲ, ಅಷ್ಟೆ. ಅವಳ ಪಕ್ಕದ ಮನೆಯಲ್ಲೂ ನಾಲ್ಕು ದಿನದಿಂದ ನೀರು ಬಂದಿರಲಿಲ್ಲವಲ್ಲ ಎಂಬುದು ನನಗೆ ಹೊಳೆದದ್ದು ಅವಳು ಹೋದ ಮೇಲೆ.

ನಾನು ಮಾಡಿದ್ದು ತಪ್ಪೇ? ಸುಲಭದ ಉತ್ತರ ಬೇಡವೆಂದು ನನ್ನ ಪರವಾಗಿಯೂ ವಾದ ಮಾಡಿಕೊಂಡಿದ್ದೇನೆ. ಚೀಟಿಗೆ ಕಾರಣವಿತ್ತು. ಸಂಪಿನ ನೀರು ಎಲ್ಲರದು, ಒಬ್ಬೊಬ್ಬರು ಒಂದೊಂದು ಕೊಡ ಹೊರಗೆ ಕಳಿಸಿದರೆ ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜನ ಮನೆಗೆ ನೀರು ಹತ್ತುತ್ತಿರಲಿಲ್ಲ. ಇನ್ನೊಬ್ಬರ ನೀರು ಕೊಟ್ಟು ನಾನು ಪುಣ್ಯ ಕಟ್ಟಿಕೊಳ್ಳುವುದು ಸರಿಯಲ್ಲ. ಈ ವಾದ ಗಟ್ಟಿಯಾಗಿಯೇ ಇದೆ. ಆದರೆ ಅದು ಸಂಪಿನ ನೀರಿಗೆ ಸಲ್ಲುವ ಮಾತು. ನನ್ನ ಬಚ್ಚಲಲ್ಲಿ ಎರಡು ಬಕೆಟ್, ಒಂದು ಡ್ರಮ್ ತುಂಬಿ ನಿಂತಿತ್ತು. ಅದು ನನ್ನ ಪಾಲಿಗೆ ಬಂದಿದ್ದ ನೀರು. ಅದರಲ್ಲಿ ಒಂದು ಕೊಡ ಹೋದರೆ ಕಡಿಮೆಯಾಗುತ್ತಿದ್ದದ್ದು ನನ್ನ ಸ್ನಾನ ಮಾತ್ರ. ಎಲ್ಲರಿಗಾಗಿ ಮಾಡಿದ ನಿಯಮದ ಹಿಂದೆ ನಾನು ನನ್ನ ಡ್ರಮ್ಮನ್ನು ಬಚ್ಚಿಟ್ಟುಕೊಂಡೆ.

ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ರಂತಿದೇವನ ಕತೆ ಬರುತ್ತದೆ. 48 ದಿನ ನೀರೂ ಇಲ್ಲದೆ ಇದ್ದವನಿಗೆ ಕೊನೆಗೆ ಊಟ ಸಿಗುತ್ತದೆ. ಉಣ್ಣುವ ಹೊತ್ತಿಗೆ ಒಬ್ಬೊಬ್ಬರೇ ಅತಿಥಿಗಳು ಬಂದು ಊಟ ಮುಗಿಯುತ್ತದೆ. ಒಬ್ಬನಿಗಾಗುವಷ್ಟು ನೀರು ಮಾತ್ರ ಉಳಿದಾಗ, ಊರು ಮುಟ್ಟಿಸಿಕೊಳ್ಳದ ಒಬ್ಬ ಬಂದು ನೀರು ಕೇಳುತ್ತಾನೆ. ರಂತಿದೇವ ಅದನ್ನೂ ಕೊಡುತ್ತಾನೆ. ತಮಿಳಿನ ಮಣಿಮೇಖಲೈ ಕಾವ್ಯದಲ್ಲಿ ಅಮುದಸುರಭಿ ಎಂಬ ಬಟ್ಟಲಿದೆ, ಎಷ್ಟು ಬಡಿಸಿದರೂ ಬರಿದಾಗದು. ಚಿಕ್ಕಂದಿನಲ್ಲಿ ಇಂಥ ಕತೆಗಳನ್ನೆಲ್ಲ ಒಂದೇ ಎಂದುಕೊಂಡಿದ್ದೆ, ಎಲ್ಲವೂ ದಾನದ ಕತೆ. ಈಗ ಹಾಗನ್ನಿಸುವುದಿಲ್ಲ. ಬರಿದಾಗದ ಬಟ್ಟಲು ಕೈಯಲ್ಲಿದ್ದರೆ ಕೊಡುವುದು ಕಷ್ಟವೇನಲ್ಲ. ರಂತಿದೇವನ ಪಾತ್ರೆ ಬರಿದಾಗುತ್ತದೆ. ರಾಮನವಮಿಯ ದಿನ ನನ್ನ ಕೈಯಲ್ಲಿ ಇದ್ದದ್ದು ಅಮುದಸುರಭಿಯಂಥದು, ಜೂನ್‌ನಲ್ಲಿ ಇದ್ದದ್ದು ರಂತಿದೇವನ ಪಾತ್ರೆಯಂಥದು.

ಆದರೂ ರಂತಿದೇವನಾಗಲಿಲ್ಲ ಎಂದು ನನ್ನನ್ನು ನಾನು ಬೈದುಕೊಂಡು ಮುಗಿಸಿದರೆ ಅದೂ ತಪ್ಪಾಗುತ್ತದೆ. ಅವಳು ಕೇಳಿದ್ದು ದಾನವನ್ನೇ ಎಂದು ಒಪ್ಪಿಕೊಂಡಂತಾಗುತ್ತದೆ. ಅಲ್ಲಿಯೇ ನನಗೆ ಅನುಮಾನ.

ಮಂಡ್ಯದವಳು ಚೆನ್ನೈಯಲ್ಲಿ ಕೂತು ನೀರಿನ ಬಗ್ಗೆ ಬರೆಯುವಾಗ ಕಾವೇರಿಯನ್ನು ಬಳಸಿಕೊಂಡು ಹೋಗಲಾರಳು. ನಮ್ಮಪ್ಪನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿದೆ. ನಾಲೆಯಲ್ಲಿ ನೀರು ಬಾರದ ವರ್ಷ ಅಪ್ಪನ ಮುಖ ಹೇಗಿರುತ್ತದೆ ಎಂದು ಬಲ್ಲೆ. ಇತ್ತ ನಾನಿರುವ ಊರು ಕುಡಿಯುವುದೂ ಆ ನದಿಯನ್ನೇ. ಚಿದಂಬರದ ಹತ್ತಿರದ ವೀರಾಣಂ ಕೆರೆಗೆ ಕೊಳ್ಳಿಡಂನಿಂದ ಬರುವ ಕಾವೇರಿ ನೀರು 200 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಚೆನ್ನೈಗೆ ಬರುತ್ತದೆ. 2019ರ ಜುಲೈ 12ರಂದು ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ 50 ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರ್ ಹೊತ್ತು ಮೊದಲ ನೀರಿನ ರೈಲು ಬಂತಲ್ಲ, ಅದರಲ್ಲಿದ್ದದ್ದೂ ಕಾವೇರಿಯೇ. ಟೀವಿಯಲ್ಲಿ ನೋಡಿದ ಅಮ್ಮ ಫೋನಿನಲ್ಲಿ "ನಮ್ಮ ನೀರು ಕುಡೀತಿದೀಯ ಬಿಡು" ಎಂದು ನಕ್ಕಳು. ಹಿಂದಿನಿಂದ ಅಪ್ಪ, "ನಮ್ದು ಅಂತ ಯಾರು ಹೇಳಿದ್ದು?" ಎಂದದ್ದು ಕೇಳಿಸಿತು.

ಅಪ್ಪ ತಮಾಷೆಗೆ ಹೇಳಿರಲಿಲ್ಲ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅದನ್ನೇ. ಹಲವು ರಾಜ್ಯಗಳಲ್ಲಿ ಹರಿಯುವ ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು ಕೋರ್ಟು 192 ಟಿಎಂಸಿಯಿಂದ 177.25ಕ್ಕೆ ಇಳಿಸಿತು, ಬೆಂಗಳೂರಿನ ಬಾಯಾರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ಆ ಲೆಕ್ಕದಲ್ಲಿ ಎಲ್ಲಿಯೂ ದಾನ ಎಂಬ ಮಾತಿಲ್ಲ, ಪಾಲು ಎಂಬ ಮಾತಿದೆ. ಪಾಲು ಎಂದಾಗ ಜಗಳವಾಡಬಹುದು, ಅಳೆಯಬಹುದು, ತಪ್ಪಾದರೆ ತಿದ್ದಬಹುದು. ದಾನ ಎಂದರೆ ಇವೊಂದೂ ಸಾಧ್ಯವಿಲ್ಲ. ಕೊಟ್ಟವನ ಮರ್ಜಿ, ತೆಗೆದುಕೊಂಡವನ ಬಗ್ಗಿದ ಬೆನ್ನು.

ನಮ್ಮ ಸಂಪಿಗೆ ಬರುತ್ತಿದ್ದ ಟ್ಯಾಂಕರ್ ನೀರು ಎಲ್ಲಿಯದು? ನಗರದ ಹೊರಗಿನ ಹಳ್ಳಿಗಳ ಬಾವಿಗಳದು. ಅವಳ ಅಣ್ಣನಂಥವರ ಬೇಲದ ಮರಗಳೂ ಅಂಥ ನೆಲದ ನೀರನ್ನೇ ಹೀರಿ ನಿಂತಿರುತ್ತವೆ. ನಾವು ದುಡ್ಡು ಕೊಟ್ಟು ಆ ನೀರನ್ನು ಗೇಟಿನೊಳಗೆ ತಂದುಕೊಂಡೆವು. ಗೇಟು ದಾಟಿದೊಡನೆ ಅದು ನಮ್ಮದಾಯಿತು. ಅದೇ ಗೇಟಿನಲ್ಲಿ ದಿನಾ ಒಳಗೆ ಬಂದು ಅದೇ ನೀರಿನಲ್ಲಿ ನನ್ನ ಪಾತ್ರೆ ತೊಳೆಯುವವಳು ಒಂದು ಕೊಡ ಕೇಳಿದರೆ, ಅದು ಭಿಕ್ಷೆ ಹೇಗಾಗುತ್ತದೆ? ಅವಳು ಕೇಳಿದ್ದು ಪಾಲು. ನನಗೆ ಕೇಳಿಸಿದ್ದು ಬೇಡಿಕೆ.

ಪಾನಕ ಹಾಗಲ್ಲ. ಪಾನಕ ನಿಜವಾಗಿಯೂ ಕೊಡುಗೆಯೇ. ಅದನ್ನು ಯಾರೂ ಕೇಳುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ದೊಡ್ಡ ಲೋಟದಲ್ಲಿ ಎಂಬುದೆಲ್ಲ ಕೊಡುವವರ ಇಷ್ಟ. ಅದಕ್ಕೇ ಅದು ಅಷ್ಟು ಸಿಹಿ. ಅದರಲ್ಲಿ ತಪ್ಪೇನೂ ಇಲ್ಲ. ಬಿಸಿಲಿನಲ್ಲಿ ಬಂದವರಿಗೆ ತಂಪಾಗಿ ಏನಾದರೂ ಕೊಡದ ಮನೆ ಎಂಥ ಮನೆ? ಆದರೆ ಕೊಡುಗೆ ಕೊಟ್ಟು ಪಾಲು ತೀರಿಸಿದೆ ಎಂದುಕೊಳ್ಳುವುದು ನಮ್ಮಂಥವರಿಗೆ ಬಹಳ ಸುಲಭವಾಗಿ ಬರುತ್ತದೆ. ಹಬ್ಬಕ್ಕೆ ಸೀರೆ ಕೊಡುತ್ತೇವೆ, ಸಂಬಳ ಏರಿಸು ಎಂದರೆ ಮುಖ ಬಿಗಿಯುತ್ತೇವೆ. ನಾನು ಪಾನಕ ಕೊಟ್ಟದ್ದಂತೂ ಅವಳು ತಂದ ಹಣ್ಣಿನದು. ನಾನು ಕೇಳಿದಾಗ ಅವಳು ಹುಡುಕಿ ತಂದಳು. ಅವಳು ಕೇಳಿದಾಗ ನಾನು ಚೀಟಿ ತೋರಿಸಿದೆ.

ಮರುವರ್ಷ ಲಾಕ್‌ಡೌನ್ ಬಂದಾಗ ಅವಳು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಆ ನೀರಿನ ಮಾತನ್ನು ನಾನು ಎತ್ತಲಿಲ್ಲ. ಅವಳಿಗೆ ಅದು ನೆನಪಿತ್ತೋ ಇಲ್ಲವೋ.

ಈ ಸಲದ ರಾಮನವಮಿಗೆ ಬೇಲದ ಹಣ್ಣು ಸಿಗಲಿಲ್ಲ, ಕರಬೂಜದಲ್ಲಿ ಪಾನಕ ಮಾಡಿದೆ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಪಾರ್ಸೆಲ್ ತಂದ ಹುಡುಗ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. "ಕೊಂಜಂ ತಣ್ಣಿ ಕಿಡೈಕ್ಕುಮಾ ಅಕ್ಕಾ?" ಎಂದ. ಒಳಗೆ ಹೋಗಿ ಅಭ್ಯಾಸದಂತೆ ಪಾನಕದ ಜಗ್ಗಿಗೆ ಕೈ ಹಾಕಿದೆ. ಆಮೇಲೆ ಅದನ್ನು ಅಲ್ಲೇ ಬಿಟ್ಟು ಒಂದು ಚೊಂಬು ನೀರು ತಂದುಕೊಟ್ಟೆ. ನಿಂತಲ್ಲೇ ಎತ್ತಿ ಗಟಗಟ ಕುಡಿದ, ತನ್ನ ಬಾಟಲಿಯನ್ನೂ ಮುಂದೆ ಹಿಡಿದ. ಅದನ್ನೂ ತುಂಬಿಸಿದ ಮೇಲೆ, ಪಾನಕ ಇದೆ, ಬೇಕಾ ಎಂದು ಕೇಳಿದೆ.